ಕರಡಿಗೆಯ ಜಾಗ

ಆಕೆ ಸೆರಗು ಸರಿಸಲು ಒಪ್ಪಿದ್ದು ಮೂರನೆಯ ಭೇಟಿಯಲ್ಲಿ. ಮೊದಲ ಎರಡು ಸಲ ಮಾತೆಲ್ಲ ಅತ್ತೆಯದೇ.

"ಸೊಸಿಗಿ ಎದಿಮ್ಯಾಲೆ ತುರಿಕಿ ಐತ್ರಿ ಬಾಯಾರ. ಬ್ಯಾಸಗಿ ಬಂತಂದ್ರ ಕೆಂಪಗಾಗಿ ನೀರ ಒಡಿತೈತ್ರಿ."

ನಾನು ಮುಲಾಮು ಬರೆದುಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂದರು. ಮತ್ತೆ ಅದೇ ತುರಿಕೆ, ಅದೇ ಅತ್ತೆ, ಕಿಟಕಿಯ ಕಡೆ ಮುಖ ಮಾಡಿ ಕೂತ ಅದೇ ಸೊಸೆ. ನೋಡದೆ ಔಷಧ ಬರೆಯುವುದು ನನಗೆ ಆಗದ ಕೆಲಸ. ಮೂರನೆಯ ಸಲ ಸಿಟ್ಟಿನಿಂದಲೇ ಹೇಳಿದೆ: "ತೋರಸೂದಾದ್ರ ಕುಂದರ್ರಿ, ಇಲ್ಲಂದ್ರ ಮುಲಾಮಿನ ಅಂಗಡಿಗೇ ನೇರ ಹೋಗ್ರಿ."

ಇದು ಎಪ್ಪತ್ತರ ದಶಕದ ನಡುವಿನ ಮಾತು. ಈಗಿನ ವಿಜಯಪುರ ಆಗ ನಮ್ಮೆಲ್ಲರ ಬಾಯಲ್ಲಿ ವಿಜಾಪುರ. ನಾನು ಅದೇ ಊರಿನ ಹುಡುಗಿ. ನಮ್ಮ ಅಬ್ಬಾ ಸ್ಟೇಷನ್ ರಸ್ತೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದರು. ಶಸ್ತ್ರಚಿಕಿತ್ಸೆ ಕಲಿತು, ಮುಂಬಯಿಯಲ್ಲಿ ಆರು ತಿಂಗಳು ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಗುರುಗಳ ಹಿಂದೆ ನಿಂತು, ಊರಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದೆ. ಹೆಣ್ಣು ಡಾಕ್ಟರೆಂದರೆ ಹೆರಿಗೆ ಮಾಡಿಸುವವಳು ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ಹರ್ನಿಯಾ ಆದವನು ನನ್ನ ಕೋಣೆಯ ಬಾಗಿಲಲ್ಲಿ ನನ್ನನ್ನು ಕಂಡೊಡನೆ "ತಪ್ಪಿ ಬಂದ್ನಿರಿ" ಎಂದು ಹಿಂದಕ್ಕೆ ತಿರುಗುತ್ತಿದ್ದ.

ಅತ್ತೆ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಸೊಸೆ ಸೆರಗು ಸರಿಸಿದಳು.

ಎರಡು ಸ್ತನಗಳ ನಡುವೆ, ಎದೆಮೂಳೆಯ ಮೇಲೆ, ಎಲ್ಲರಿಗೂ ಒಂದು ಚಪ್ಪಟೆ ಜಾಗ ಇರುತ್ತದೆ. ಆಕೆಗೆ ಅದು ಇರಲಿಲ್ಲ. ಚರ್ಮವೂ ಅದರ ಕೆಳಗಿನ ಕೊಬ್ಬೂ ಈ ಕಡೆಯಿಂದ ಆ ಕಡೆಗೆ ಸೇತುವೆಯ ಹಾಗೆ ಕೂಡಿಕೊಂಡಿದ್ದವು. ಹುಟ್ಟಿನಿಂದಲೇ ಹಾಗಿದ್ದದ್ದು ಮೈನೆರೆದ ಮೇಲೆ ಎದ್ದು ಕಂಡಿತ್ತು. ಆ ಸೇತುವೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಹಸಿಯಾಗಿತ್ತು. ಇಂಥದ್ದನ್ನು ನಾನು ಪುಸ್ತಕದಲ್ಲಿ ಎರಡು ಸಾಲಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಆಕೆಗೆ ಆಗ ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಎರಡು ವರ್ಷ.

"ಇದು ರೋಗ ಅಲ್ಲವ್ವಾ," ಎಂದೆ. "ಇದರಿಂದ ಜೀವಕ್ಕ ಏನೂ ಆಗೂದಿಲ್ಲ."

ಆಗ ಆಕೆ ಮೊದಲ ಸಲ ನನ್ನ ಜೊತೆ ಮಾತಾಡಿದಳು. "ಜೀವದ ಮಾತಲ್ರಿ ಬಾಯಾರ. ಲಿಂಗ ಕುಂದರವಲ್ದು."

ಕೊರಳಿನ ಶಿವದಾರದಲ್ಲಿ ಪುಟ್ಟ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಆಕೆಯ ಇಷ್ಟಲಿಂಗ. ಅದು ಎದೆಯ ನಡುವೆ ನಿಲ್ಲದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿ ಕಂಕುಳ ಕಡೆ ಹೋಗುತ್ತಿತ್ತು. ಆಕೆ ಅದನ್ನು ಕುಬಸದ ಒಳಗೆ ಪಿನ್ನು ಹಾಕಿ ಸಿಗಿಸಿಕೊಂಡಿದ್ದಳು. ತವರು ಬಬಲೇಶ್ವರದಲ್ಲಿ, ಮದುವೆಯ ಅರಿಷಿಣದ ನೀರು ಹಾಕುವಾಗ, ಸಂಬಂಧದ ಮುದುಕಿಯೊಬ್ಬಳು ಎಲ್ಲ ಹೆಂಗಸರ ಎದುರು ಅಂದಿದ್ದಳಂತೆ: "ಲಿಂಗಕ್ಕ ಜಾಗಾ ಕೊಡದ ಎದಿ ಇದು." ಅಂದಿನಿಂದ ಆಕೆ ಪೂಜೆಗೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾಲ್ಕು ಹೆಂಗಸರ ನಡುವೆ ಆಮೇಲೆ ಒಮ್ಮೆಯೂ ಸ್ನಾನ ಮಾಡಿರಲಿಲ್ಲ.

"ನಮ್ಮೂರ ಟಿಕೋಟಾದಾಗ ಎಲ್ಲಾರಿಗೂ ತುರಿಕಿ ಅಂತನ ಹೇಳೇನ್ರಿ," ಎಂದರು ಅತ್ತೆ ಬಾಗಿಲ ಹತ್ತಿರದಿಂದ. "ಮಂದಿ ಬಾಯಿಗಿ ಸಿಗಬಾರದಲ್ರಿ ನಮ್ಮ ಹುಡುಗಿ."

ಬಬಲೇಶ್ವರದ ಆ ಮುದುಕಿಯ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ನಾನು ಬೇರೆ ಮತದವಳು. ಲಿಂಗಪೂಜೆಯ ವಿಚಾರ ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಆದರೆ ಒಂದು ಹೆಣ್ಣಿಗೆ ತನ್ನ ದೇವರ ಎದುರೇ ನಾಚಿಕೆಯಾಗುವ ಹಾಗೆ ಮಾಡುವುದು ಎಂಥ ಕೆಲಸ ಎಂದು ತಿಳಿಯಲು ಮತ ಒಂದೇ ಆಗಬೇಕಿಲ್ಲ.

ಮುಂಬಯಿಯ ಗುರುಗಳಿಗೆ ಪತ್ರ ಬರೆದೆ, ಒಂದು ಚಿತ್ರವನ್ನೂ ಬಿಡಿಸಿ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಅವರು ಜೀವಮಾನದಲ್ಲಿ ಇಂಥವರನ್ನು ಇಬ್ಬರನ್ನೇ ಕಂಡಿದ್ದರಂತೆ. ಮೂರು ದಾರಿ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದರು: ಎದೆಮೂಳೆಯ ಮೇಲಿನ ಗಾಯದ ಗುರುತು ಯಾರ ಮಾತನ್ನೂ ಕೇಳುವುದಿಲ್ಲ, ದಪ್ಪಗೆ ಉಬ್ಬಿದರೆ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ, ಆಕೆ ಹೀಗೇ ಬಾಳಬಲ್ಲಳಾದರೆ ಮುಟ್ಟಬೇಡ.

ನಮ್ಮಲ್ಲಿ ಅರಿವಳಿಕೆ ಕೊಡುತ್ತಿದ್ದ ಹಿರಿಯ ಡಾಕ್ಟರು (ಮೈಮರೆಸುವುದಕ್ಕೆ ಜನ ಭೂಲ್ ಎನ್ನುತ್ತಿದ್ದರು, ಅವರಿಗೆ ಭೂಲ್ ಡಾಕ್ಟರ್) ಇನ್ನೂ ನೇರ. "ಕರುಳ ತಿರುವಿದವ್ರು, ಕಾಲ ಕೊಳತವ್ರು ಸಾಲಾಗಿ ಮಲಗ್ಯಾರ. ನೀವೇನ್ರಿ, ಆಭರಣ ಇಡಾಕ ಜಾಗಾ ಮಾಡಾಕ ಹೊಂಟೀರಿ!"

"ಆಭರಣ ಅಲ್ಲ ಸರ್," ಎಂದೆ. ಅವರ ಕೊರಳಲ್ಲೂ ಶಿವದಾರ ಇತ್ತು.

ನಮ್ಮ ಅಂಗಡಿಗೆ ಹೋಗಿ ಮಾದರಪಾಟ ಎಂಬ ಒರಟು ಹತ್ತಿ ಬಟ್ಟೆ ಕೇಳಿದೆ. ಅಬ್ಬಾ ಯಾಕೆಂದು ಕೇಳಲಿಲ್ಲ, ಎಷ್ಟು ಗಜ ಬೇಕೆಂದಷ್ಟೇ ಕೇಳಿದರು. ಒಳಗಿನ ಕೋಣೆಯಲ್ಲಿ ಕೂತು ಮಣೆಯ ಮೇಲೆ ಹತ್ತಿಯ ಎರಡು ಉಂಡೆ ಇಟ್ಟು, ಮೇಲೆ ಬಟ್ಟೆ ಹೊದಿಸಿ, ಮೊಳೆ ಹೊಡೆದು ಆಕೆಯ ಎದೆಯ ಮಾದರಿ ಮಾಡಿದೆ. ಒಂದು ವಾರ ಕತ್ತರಿಸಿದೆ, ಹೊಲಿದೆ, ಬಿಚ್ಚಿದೆ. ಅಂಗಡಿಯ ಗಿರಾಕಿಯೊಬ್ಬರು ಇಣುಕಿ, ಡಾಕ್ಟರ್ ಬಾಯಿ ಟೇಲರ್ ಕೆಲಸ ಕಲಿಯುತ್ತಿದ್ದಾರೆ ಎಂದು ಸುದ್ದಿ ಹಬ್ಬಿಸಿದರು.

ಆ ಮಾದರಿಯನ್ನೇ ಎದುರಿಗಿಟ್ಟು ಅತ್ತೆ ಸೊಸೆಗೆ ಮೂರು ದಾರಿಯನ್ನೂ ತೋರಿಸಿದೆ. ಮೊದಲನೆಯದು ನಡುವಿನ ಹೆಚ್ಚಿನ ಚರ್ಮವನ್ನೂ ಕೊಬ್ಬನ್ನೂ ತೆಗೆದು ಮೇಲಿನಿಂದ ಕೆಳಕ್ಕೆ ನೇರ ಹೊಲಿಯುವುದು. ಅದು ಸುಲಭ, ಆದರೆ ನೇರ ಗಾಯ ಒಣಗುತ್ತ ಎಳೆದುಕೊಂಡು ಹಗ್ಗದ ಹಾಗೆ ಬಿಗಿಯುತ್ತದೆ, ಕರಡಿಗೆ ಅದರ ಮೇಲೆಯೇ ಉಜ್ಜುತ್ತದೆ. ಎರಡನೆಯದು ಸ್ತನದ ಕೆಳಗಿನ ಮಡಿಕೆಯಲ್ಲಿ ಎರಡು ಕಡೆ ಸೀಳಿ, ಅಲ್ಲಿಂದ ಒಳಗೊಳಗೇ ನಡುವಿನ ಕೊಬ್ಬು ತೆಗೆಯುವುದು. ಗುರುತು ಕಾಣುವುದಿಲ್ಲ, ಆದರೆ ಅಷ್ಟು ದೂರದಿಂದ ನಡುವಿನ ಚರ್ಮವನ್ನು ಮೂಳೆಗೆ ಹೊಲಿಯುವುದು ಕುರುಡು ಕೆಲಸ. ಮೂರನೆಯದು ಸೇತುವೆಯ ಕೆಳಗಿನ ಅಂಚಿನಲ್ಲಿ ಸಣ್ಣ ತ್ರಿಕೋನವಾಗಿ ಸೀಳುವುದು. ಆ ಬಾಯಿಯಿಂದಲೇ ಕೊಬ್ಬು ತೆಗೆದು, ತ್ರಿಕೋನವನ್ನು ಕೆಳಕ್ಕೆ ಎಳೆದು ಹೊಲಿಯುವುದು. ಹೀಗೆ ಮಾಡಿದರೆ ಸಡಿಲ ಚರ್ಮವೆಲ್ಲ ಕೆಳಗೆ ಸರಿದು ಮೂಳೆಗೆ ಅಂಟುತ್ತದೆ. ಗುರುತು ಸಣ್ಣದು, ಅದೂ ಕುಬಸದ ಗಂಟು ಬೀಳುವ ಕಡೆ ಮರೆಯಾಗುತ್ತದೆ.

"ನಾಳಿ ಕೂಸ ಆದ್ರ ಹಾಲಿಗಿ ಏನರೆ ಆಕ್ಕೈತೇನ್ರಿ?" ಅತ್ತೆಯ ಪ್ರಶ್ನೆ.

"ಹಾಲಿನ ನಾಳ ಇರೂ ಕಡೆ ನಾ ಹೋಗೂದಿಲ್ಲ. ನನ್ನ ಕೆಲಸ ಎಲ್ಲಾ ನಡುವಿನ ಮೂಳಿ ಮ್ಯಾಲೆ."

ಸೊಸೆ ಬಟ್ಟೆಯ ಮಾದರಿಯ ನಡುವೆ ಬೆರಳಿಟ್ಟು, ಮೂರನೆಯ ದಾರಿಯ ಹೊಲಿಗೆಯನ್ನು ಮುಟ್ಟಿ ನೋಡಿದಳು. "ಇದ ಇರಲ್ರಿ," ಎಂದಳು.

ಲಿಂಗವನ್ನು ಮೈಯಿಂದ ಬೇರೆ ಮಾಡುವ ಹಾಗಿಲ್ಲ. ಆಪರೇಶನ್ನಿನ ದಿನ ಆಕೆಯೇ ಕರಡಿಗೆಯನ್ನು ಎಡತೋಳಿಗೆ ಕಟ್ಟಿಕೊಂಡಳು. ಭೂಲ್ ಡಾಕ್ಟರು ಆ ತೋಳನ್ನು ಬಿಟ್ಟು ಬಲಗೈಯ ನರಕ್ಕೆ ಸೂಜಿ ಹಾಕಿದರು. ಈಥರ್ ಬಳಸುವಾಗ ಕಿಡಿ ಹಾರುವ ಯಾವ ಉಪಕರಣವೂ ಹತ್ತಿರ ಬರುವ ಹಾಗಿಲ್ಲ, ರಕ್ತ ಜಿನುಗುವ ಒಂದೊಂದು ತುದಿಯನ್ನೂ ಚಿಮುಟದಲ್ಲಿ ಹಿಡಿದು ದಾರ ಕಟ್ಟಬೇಕು. ಧೂಳಿಗೆ ಕಿಟಕಿ ಮುಚ್ಚಿದ್ದೆವು, ಸೆಕೆಗೆ ನನ್ನ ಮುಖಗವಸು ಒದ್ದೆಯಾಗಿತ್ತು. ಒಳಗೆ ನೋಡಿದಾಗ ಕೊಬ್ಬು ನಾನು ಎಣಿಸಿದ್ದಕ್ಕಿಂತ ಕಡಿಮೆ ಇತ್ತು, ಚರ್ಮವೇ ಮೂಳೆಯನ್ನು ಬಿಟ್ಟು ಮೇಲೆ ನಿಂತಿತ್ತು. ಮೂಳೆಯ ಮೇಲಿನ ಪೊರೆ ಕಾಣುವ ತನಕ ಬಿಡಿಸಿ, ಚರ್ಮದ ಒಳಮೈಯನ್ನು ಆ ಪೊರೆಗೆ ನಟ್ಟನಡುವೆ ಮೂರು ಹೊಲಿಗೆಯಿಂದ ಹಿಡಿಸಿದೆ. ತ್ರಿಕೋನ ಕೆಳಕ್ಕೆ ಬಂತು. ಹೊರಗೆ ಹತ್ತಿಯ ಒತ್ತು ಇಟ್ಟು ಎದೆಯ ಸುತ್ತ ಪಟ್ಟಿ ಬಿಗಿದೆ. ಚಪ್ಪಟೆ ಜಾಗ ಕಂಡಿತು. ನಾನು ಸಣ್ಣವಳ ಹಾಗೆ ಹಿಗ್ಗಿದೆ.

ಅತ್ತೆಗೆ ಹೇಳಿದೆ: "ಪಟ್ಟಿ ಬಿಗಿ ಇರಬೇಕ ಆಯಿ. ಲಿಂಗ ಸ್ವಲ್ಪ ದಿನ ತೋಳಮ್ಯಾಲೆ ಇರಲಿ."

ನಾಲ್ಕನೆಯ ದಿನ ಮುಂಜಾನೆ ವಾರ್ಡಿನ ರೌಂಡಿಗೆ ಹೋದಾಗ ಪಟ್ಟಿಯ ಗಂಟು ನಾನು ಹಾಕಿದ ಗಂಟಾಗಿರಲಿಲ್ಲ. ಸಡಿಲವಾಗಿತ್ತು. ಹತ್ತಿಯ ಒತ್ತು ಮಗ್ಗುಲಿಗೆ ಸರಿದಿತ್ತು. ಅದರ ಜಾಗದಲ್ಲಿ, ಪಟ್ಟಿಯ ಒಳಗೆ, ಕರಡಿಗೆ ಕೂತಿತ್ತು. ಚರ್ಮದ ಕೆಳಗೆ ನೀರು ತುಂಬಿತ್ತು, ಈ ಕಡೆ ಒತ್ತಿದರೆ ಆ ಕಡೆ ಉಬ್ಬುತ್ತಿತ್ತು. ನನ್ನ ಮೂರು ಹೊಲಿಗೆಯೂ ಬಿಟ್ಟಿದ್ದವು. ಸೇತುವೆ ಮತ್ತೆ ಎದ್ದಿತ್ತು.

"ಇದನ್ನ ಬಿಚ್ಚಿದವರು ಯಾರು?"

"ನಾನ್ರಿ," ಎಂದರು ಅತ್ತೆ.

ಅಲ್ಲಿಯೇ, ಇಡೀ ವಾರ್ಡು ಕೇಳುವ ಹಾಗೆ ಅವರನ್ನು ಬೈದೆ. ತಲೆ ಇದೆಯೋ ಇಲ್ಲವೋ ಎಂದೆ. ಮಾಡಿದ್ದೆಲ್ಲ ಮಣ್ಣುಪಾಲು ಎಂದೆ. ಅವರು ತಲೆ ತಗ್ಗಿಸದೆ ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ ಅಂದರು: "ಸ್ವಲ್ಪ ದಿನ ಅಂದಿದ್ರಿ ಬಾಯಾರ. ಇವತ್ತ ಸೋಮಾರ. ಹೊಸಾ ಜಾಗಾಕ್ಕ ಸೋಮಾರ ದಿನಾನ ಬಂದ ಕುಂದರಲಿ ಅಂತ ಇಟ್ಟೇನ್ರಿ. ಅಕಿ ಬ್ಯಾಡ ಅಂದ್ಲು, ನಾನ ಇಟ್ಟೇನಿ."

ಮೂರು ದಾರಿ ವಿವರಿಸಿದವಳು ನಾನು, ಎಷ್ಟು ದಿನ ಎಂಬ ಒಂದು ಮಾತು ಹೇಳಿರಲಿಲ್ಲ. ಆ ಹೆಣ್ಣುಮಗಳು ಮಂಚದ ಮೇಲಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಅಳಲಿಲ್ಲ. "ಅತ್ತಿನ್ನ ಬೈಬ್ಯಾಡ್ರಿ," ಎಂದಳು. "ನನ್ನ ಎದಿನ ಹಂತಾದ್ದು."

ದಪ್ಪ ಸೂಜಿಯಿಂದ ನೀರು ತೆಗೆದೆ. ಮರುದಿನ ಮತ್ತೆ ತುಂಬಿತು. ದಿನಾ ತೆಗೆಯುತ್ತ ಕಾಯಬಹುದು, ಆದರೆ ಕೀವಾದರೆ ಚರ್ಮವೇ ಹೋಗುತ್ತದೆ. ಮತ್ತೆ ಬಿಚ್ಚಬಹುದು, ಆದರೆ ಅದೇ ಮೂರು ಹೊಲಿಗೆ ಹಾಕಿದರೆ ಅದೇ ಕಥೆ. ಭೂಲ್ ಡಾಕ್ಟರು ಈ ಸಲ ಹಂಗಿಸಲಿಲ್ಲ. "ವಿಚಾರ ಮಾಡಿ ಹೇಳ್ರಿ. ಭೂಲ್ ಕೊಡಾಕ ನಾ ಅದೇನಿ," ಎಂದರು.

ವಿಚಾರ ಮಾಡುತ್ತ ಊಟದ ಹೊತ್ತಿಗೆ ವಾರ್ಡಿನ ಪಡಸಾಲೆಗೆ ಬಂದೆ. ಅತ್ತೆ ಕಂಬಕ್ಕೆ ಒರಗಿ ಕೌದಿ ಹೊಲಿಯುತ್ತಿದ್ದರು. ಹಳೆಯ ಇಳಕಲ್ ಸೀರೆ, ಧೋತರದ ತುಂಡು, ಯಾವುದೋ ಅಂಗಿಯ ಬೆನ್ನು, ಎಲ್ಲ ಪದರಪದರವಾಗಿ ಕಾಲಮೇಲೆ ಹರಡಿತ್ತು. ಕ್ಷಮೆ ಕೇಳಬೇಕೆಂದು ಪಕ್ಕದಲ್ಲಿ ಕೂತೆ. ಬಾಯಿಗೆ ಬರಲಿಲ್ಲ. ಸುಮ್ಮನೆ ಅವರ ಸೂಜಿ ನೋಡಿದೆ. ಅಂಚಿನಿಂದ ಶುರುಮಾಡಿ, ಬೆರಳಗಲಕ್ಕೊಂದು ಸಾಲಿನಂತೆ, ಸಾಲಿನ ಪಕ್ಕ ಸಾಲು, ಒಳಗೊಳಗೆ ಸುತ್ತುತ್ತ ನಡುವಿಗೆ ಬರುತ್ತಿದ್ದರು.

"ಆಯಿ, ಅಂಚಿಗಷ್ಟ ಹೊಲದ್ರ ಸಾಲೂದಿಲ್ಲೇನು?"

ಅವರು ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. ನಿನ್ನೆಯ ಬೈಗುಳ ಮರೆತ ಹಾಗಿತ್ತು. "ಅಂಚಿಗಿ ಹೊಲದ್ರ ಚೀಲ ಆಕ್ಕೈತ್ರಿ, ಕೌದಿ ಆಗೂದಿಲ್ಲ. ಒಮ್ಮಿ ಒಗದ್ರ ಒಳಗಿನ ಅರಿವಿ ಎಲ್ಲಾ ಒಂದ ಕಡೆ ಮುದ್ದಿಯಾಗಿ ಕುಂದರತೈತಿ. ಮೈತುಂಬ ಸೂಜಿ ಟಾಕಿ ಬೀಳಬೇಕ್ರಿ. ಎಳದ್ರೂ ಮ್ಯಾಲಿನ ಅರಿವಿ ಕೆಳಗಿಂದನ್ನ ಬಿಡಬಾರದು."

ನಾನು ಮಾಡಿದ್ದು ಚೀಲ. ಬಾಯಿ ಹೊಲಿದು, ನಡುವೆ ಮೂರು ಗಂಟು ಹಾಕಿ, ಉಳಿದ ಜಾಗವನ್ನೆಲ್ಲ ನೀರು ತುಂಬಲು ಬಿಟ್ಟಿದ್ದೆ. ಪಟ್ಟಿ ಬಿಚ್ಚಿದ್ದರಿಂದ ಕೆಟ್ಟದ್ದು ನಿಜ. ಆದರೆ ಒಂದು ಪಟ್ಟಿ ಸಡಿಲಾದರೆ ಕೆಡುವಂಥ ಕೆಲಸ ಮಾಡಿದವಳು ನಾನೇ. ಎದ್ದು ನೇರ ಭೂಲ್ ಡಾಕ್ಟರ ಬಳಿ ಹೋಗಿ, ನಾಳೆ ಬಿಚ್ಚುತ್ತೇನೆ ಎಂದೆ.

ಆ ಹೆಣ್ಣುಮಗಳಿಗೆ ನಾನೇ ಹೋಗಿ ಹೇಳಿದೆ. "ತಪ್ಪು ನಂದೈತಿ. ನಿನ್ನ ಎದಿದಲ್ಲ, ನಿಮ್ಮತ್ತಿದೂ ಅಲ್ಲ. ಇನ್ನೊಮ್ಮಿ ಮಲಗ್ತಿಯೇನು?"

ಆಕೆ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ನಂತರ, "ಮಲಗ್ತೇನ್ರಿ. ಖರೆ ಲಿಂಗ ಎಷ್ಟ ದಿನ ತೋಳಮ್ಯಾಲೆ ಇರಬೇಕಂತ ಲೆಕ್ಕ ಹೇಳ್ರಿ," ಎಂದಳು.

"ತೋಳಮ್ಯಾಲೆ ಒಂದ ದಿನ," ಎಂದೆ. ಈ ಉತ್ತರ ಆ ಕ್ಷಣಕ್ಕೆ ಹೊಳೆದದ್ದು. "ಎಚ್ಚರಾದ ಕೂಡ್ಲೆ ಪಟ್ಟಿ ಮ್ಯಾಲೆ, ನಟ್ಟನಡಕ ಇಟ್ಟುಕೋ. ಪೂಜಾಕ್ಕ ಕೈಯಾಗ ತಗೋ, ಮುಗಿದಿಂದ ಮತ್ತ ಅಲ್ಲೇ ಇಡು. ಅದರ ಕೆಳಗಿನ ಪಟ್ಟಿ ಹನ್ನೆರಡ ದಿನ ಯಾರೂ ಮುಟ್ಟಬಾರದು. ನಾನೂ ಮುಟ್ಟೂದಿಲ್ಲ."

ಎರಡನೆಯ ಸಲ ನೀರನ್ನು ಒರೆಸಿ, ಮೂಳೆಯ ಪೊರೆಯಿಂದ ಚರ್ಮದ ಒಳಮೈಗೆ ಸಾಲುಸಾಲಾಗಿ, ಮೈಯೊಳಗೇ ಕರಗುವ ಕ್ಯಾಟ್‌ಗಟ್ ದಾರದ ಹೊಲಿಗೆ ಹಾಕಿದೆ. ಮೇಲಿನಿಂದ ಶುರುಮಾಡಿ, ಬೆರಳಗಲಕ್ಕೊಂದು, ಪಕ್ಕದ ಸಾಲು ಹಿಂದಿನ ಸಾಲಿನ ಸಂದಿಗೆ. ಚರ್ಮದ ಹೊರಗೆ ಸೂಜಿ ಬರಬಾರದು, ರಕ್ತದ ಹರಿವೂ ಕಟ್ಟಬಾರದು. ಹಾಗಾಗಿ ಒಂದೊಂದನ್ನೂ ಬಿಗಿಯುವ ಮುಂಚೆ ಚರ್ಮದ ಬಣ್ಣ ನೋಡುತ್ತಿದ್ದೆ. ಇಪ್ಪತ್ತರ ಮೇಲೆ ಎಣಿಸುವುದನ್ನು ಬಿಟ್ಟೆ. "ಇದೇನ್ರಿ, ಕೌದಿ ಹೊಲದಂಗ ಹೊಲ್ಯಾಕತ್ತೀರಿ?" ಎಂದರು ಭೂಲ್ ಡಾಕ್ಟರು. ಹೌದು ಸರ್, ಅದನ್ನೇ ಎಂದೆ. ಕೊನೆಗೆ ಅಂಗೈಯಗಲದ ಜಾಲಿಬಟ್ಟೆಯ ಸುರುಳಿಯನ್ನು ನಡುವೆ ಇಟ್ಟು, ಇಕ್ಕೆಲದ ಚರ್ಮದಿಂದ ಬಂದ ರೇಷ್ಮೆ ದಾರಗಳನ್ನು ಅದರ ಮೇಲೆಯೇ ಗಂಟು ಹಾಕಿದೆ. ಅದರ ಮೇಲೆ ಪಟ್ಟಿ.

ಎಚ್ಚರವಾದ ಮೇಲೆ ಆಕೆ ತಾನೇ ತೋಳಿನ ದಾರ ಬಿಚ್ಚಿ ಕರಡಿಗೆಯನ್ನು ಪಟ್ಟಿಯ ನಡುವೆ ಇಟ್ಟುಕೊಂಡಳು. ಅಲ್ಲಿಂದ ಶುರುವಾಯಿತು ಅತ್ತೆಯ ಕಾವಲು. ಲಿಂಗ ಕೂತ ಜಾಗವೆಂದ ಮೇಲೆ ಆ ಪಟ್ಟಿ ಅವರ ಪಾಲಿಗೆ ಗದ್ದುಗೆಯೇ ಆಯಿತು. ನರ್ಸಮ್ಮ ಸಿರಿಂಜು ಹಿಡಿದು ಬಂದರೆ "ಚಪ್ಪಲ ಆ ಕಡೆ ಬಿಡ್ರಿ" ಎನ್ನುತ್ತಿದ್ದರು. ನನಗೂ ಬಿಡಲಿಲ್ಲ. ಏಳನೆಯ ದಿನ ತಡೆಯಲಾರದೆ ಅಂಚನ್ನು ಎತ್ತಿ ನೋಡಲು ಹೋದೆ. "ಹನ್ನೆರಡ ಅಂದಿದ್ರಿ ಬಾಯಾರ," ಎಂದು ನನ್ನ ಕೈ ಹಿಡಿದರು. ಕರಡಿಗೆಯ ತೂಕದಿಂದ ಏನಾದರೂ ಉಪಯೋಗವಾಯಿತೆಂದು ನಾನು ಹೇಳಲಾರೆ. ಪಟ್ಟಿ ಮಾತ್ರ ಒಂದು ಎಳೆಯೂ ಸಡಿಲಾಗಲಿಲ್ಲ.

ಹನ್ನೆರಡನೆಯ ದಿನ ಬಿಚ್ಚಿದೆ. ನೀರಿಲ್ಲ, ಕೀವಿಲ್ಲ. ಎದೆಮೂಳೆಯ ಮೇಲೆ ಚರ್ಮ ಚಪ್ಪಟೆಯಾಗಿ ಅಂಟಿತ್ತು. ಕೆಳಗೆ ಸಣ್ಣ ಕೆಂಪು ಗುರುತು. ಅತ್ತೆ ಎರಡೂ ಕೈಯಿಂದ ನನ್ನ ಮುಖ ನಿವಾಳಿಸಿ ಲಟಿಕೆ ಮುರಿದರು. ಬೈದದ್ದಕ್ಕೆ ಕ್ಷಮೆ ಕೇಳಲು ನನಗೆ ಆಗ ಬಾಯಿ ಬಂತು. "ನಮ್ಮವ್ವನೂ ಬೈತಿದ್ಲು ಬಿಡ್ರಿ," ಎಂದರು ಅವರು.

ಆಕೆ ಕರಡಿಗೆಯನ್ನು ಕೈಯಿಂದ ಬಿಟ್ಟಳು. ಅದು ಜಾರಿ ಬಂದು ನಡುವೆ ನಿಂತಿತು. ಬಗ್ಗಿದಳು, ಎದ್ದಳು, ಮತ್ತೆ ಅಲ್ಲಿಯೇ ಬಂದು ನಿಂತಿತು. ಅವಳ ಮುಖದಲ್ಲಿ ನಗು ಬರಲೆಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಕರಡಿಗೆಯನ್ನು ಎತ್ತಿ ಮತ್ತೆ ಇಟ್ಟಳು, ಬೆರಳಿನಿಂದ ಒತ್ತಿದಳು.

"ಬಾಯಾರ, ಗೊತ್ತ ಆಗವಲ್ದ್ರಿ."

"ಏನು?"

"ಅಲ್ಲಿ ಐತಂತ ಕಣ್ಣಿಗಿ ಕಾಣತೈತಿ. ಎದಿಗಿ ಗೊತ್ತ ಆಗವಲ್ದು."

ಚರ್ಮವನ್ನು ಅಷ್ಟಗಲ ಬಿಡಿಸುವಾಗ ಸ್ಪರ್ಶದ ಸಣ್ಣ ನರಗಳೂ ಹೋಗುತ್ತವೆ. ಇದು ನನಗೆ ಗೊತ್ತಿತ್ತು. ಹೇಳಿರಲಿಲ್ಲ. ಗುರುತಿನ ಬಗ್ಗೆ ಹೇಳಿದ್ದೆ, ಹಾಲಿನ ಬಗ್ಗೆ ಹೇಳಿದ್ದೆ. ಲಿಂಗದ ಜಾಗ ಕೇಳಿ ಬಂದವಳಿಗೆ ಆ ಜಾಗಕ್ಕೆ ಮುಟ್ಟಿದ್ದು ತಿಳಿಯಲಿಕ್ಕಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ ನೋಡಿದೆ. ಕೊರಳ ಕೆಳಗೆ ಗೊತ್ತಾಯಿತು, ಇಕ್ಕೆಲಕ್ಕೆ ಗೊತ್ತಾಯಿತು, ನಡುವೆ ಇಲ್ಲ. "ಬರತೈತಿ," ಎಂದೆ. "ಆರು ತಿಂಗಳ ಹಿಡೀಬಹುದು. ಪೂರಾ ಬರತೈತಂತ ಆಣಿ ಮಾಡಿ ಹೇಳಲಾರೆ." ಆಕೆ ತಲೆಯಾಡಿಸಿ ಸೆರಗು ಹೊದ್ದುಕೊಂಡಳು.

ತಿಂಗಳಿಗೊಮ್ಮೆ ಟಿಕೋಟಾದಿಂದ ಬಂದಳು. ಗುರುತು ಉಬ್ಬಲಿಲ್ಲ, ಬೇಸಿಗೆಯಲ್ಲಿ ಹುಣ್ಣೂ ಆಗಲಿಲ್ಲ. ಪ್ರತಿ ಸಲ ನಾನು ಹತ್ತಿಯ ಎಳೆ ತೆಗೆಯುತ್ತಿದ್ದೆ, ಆಕೆ ಕಣ್ಣು ಮುಚ್ಚುತ್ತಿದ್ದಳು. "ಗೊತ್ತ ಆತೇನು?" "ಇಲ್ರಿ." ಮಳೆಗಾಲ ಮುಗಿಯುವ ಹೊತ್ತಿಗೆ ಬರುವುದನ್ನು ನಿಲ್ಲಿಸಿದಳು. ಭೂಲ್ ಡಾಕ್ಟರು ಇದು ಚೆನ್ನಾಗಿ ಆದ ಕೇಸೆಂದು ಎಲ್ಲರಿಗೂ ಹೇಳುತ್ತಿದ್ದರು. ನಾನು ಆ ಮಾತು ಬಂದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ.

ಆ ಚಳಿಗಾಲ ಸಂತೆಯ ದಿನ ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ ರೋಗಿಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಬೆಳಗ್ಗೆ ಬಸ್ಸಿಳಿದು ಬದನೆಕಾಯಿಯ ರಾಶಿಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾಗ ಯಾರೋ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಆಕೆ. ತವರಿಗೆ ಬಂದಿದ್ದಳಂತೆ. ನನ್ನನ್ನು ಕಂಡು ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು.

"ಮುಂಜಾನಿ ಜಳಕಾ ಮಾಡಿ, ಪೂಜಾ ಮುಗಿಸಿ, ಕರಡಿಗಿ ಕಟಿಗೊಂಡ್ನಿರಿ ಬಾಯಾರ..." ಅಂಗೈಯನ್ನು ಎದೆಯ ನಡುವೆ ಇಟ್ಟುಕೊಂಡಳು.

ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು, ಹತ್ತಿ ಹುಡುಕಲು. ಆಕೆ ಆ ಕೈಯನ್ನು ಹಿಡಿದುಕೊಂಡಳು.

"ಹತ್ತಿ ಬ್ಯಾಡ್ರಿ," ಎಂದಳು. "ಎದಿಗಿ ತಣ್ಣಗ ಹತ್ತೇತ್ರಿ."